ಕಂಡದ್ದನ್ನೆಲ್ಲ ಕೂಗುವ ಮಾವ

ನಮ್ಮ ಸೋದರಮಾವನ ಜೊತೆ ಒಂದು ದಿನ ಕಳೆದವರಿಗೆ ಕಣ್ಣಿನ ಅಗತ್ಯವೇ ಇರುವುದಿಲ್ಲ! ನಂಬಿಕೆ ಬಾರದಿದ್ದರೆ ಕಣ್ಣು ಮುಚ್ಚಿಕೊಂಡು ಅವನ ಜೊತೆ ವಾಡಿಯ ಬಜಾರಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. "ಎದುರಿಗಿ ಎಮ್ಮಿ, ಕರೀದು, ಕುಂತದ! ಎಡಕ್ಕ ತೆಗ್ಗು, ನೀರು ನಿಂತದ! ಬಲಕ್ಕ ಹೈಸ್ಕೂಲಿನ ಹಳೇ ಮಾಸ್ತರು, ನಮ್ಮನ್ನ ನೋಡಿ ಮಾರಿ ಹೊಳ್ಳಿಸ್ಯಾರ!" ಇದನ್ನೆಲ್ಲ ಅವನು ಗುಟ್ಟಾಗಿ ಹೇಳುತ್ತಾನೆಂದು ತಿಳಿಯಬೇಡಿ. ಬಲಗೈಯನ್ನು ನೇರ ಮುಂದಕ್ಕೆ ಚಾಚಿ, ಇಂಜಿನ್ನಿನ ಗದ್ದಲವನ್ನು ಮೀರಿಸುವ ದನಿಯಲ್ಲಿ ಕೂಗುತ್ತಾನೆ. ಆ ಮಾಸ್ತರು ಈಗ ನಮ್ಮ ಓಣಿಗೇ ಬರುವುದಿಲ್ಲ.

ತಪ್ಪು ಅವನದಲ್ಲ, ಅವನ ನೌಕರಿಯದು. ಮಾವ ಜೀವಮಾನವೆಲ್ಲ ವಾಡಿಯಿಂದ ಗೂಡ್ಸ್ ಗಾಡಿ ಓಡಿಸಿದವನು. ಇಂಜಿನ್ನಿನಲ್ಲಿ ಇಬ್ಬರು ಇರುತ್ತಾರಂತೆ. ಸಿಗ್ನಲ್ ಕಂಡವನು ಕೈ ಚಾಚಿ ಅದರ ಬಣ್ಣವನ್ನು ಕೂಗಬೇಕು. ಇನ್ನೊಬ್ಬ ತನ್ನ ಕಣ್ಣಿನಿಂದ ಅದನ್ನು ನೋಡಿ, ಆಮೇಲೆ ಅದನ್ನೇ ತಿರುಗಿ ಕೂಗಬೇಕು. ಕೇಳಿಸಿಕೊಂಡು ಕೂಗುವಂತಿಲ್ಲ, ನೋಡಿಯೇ ಕೂಗಬೇಕು! ಒಳ್ಳೆಯ ನಿಯಮವೇ. ಆದರೆ ನಿವೃತ್ತಿಯಾದ ದಿನ ಮಾವ ಬಾವುಟ, ದೀಪ, ಕೈಚೀಲ ಎಲ್ಲವನ್ನೂ ವಾಪಸ್ಸು ಕೊಟ್ಟು ಈ ನಿಯಮವೊಂದನ್ನು ಮಾತ್ರ ಮನೆಗೆ ತಂದುಬಿಟ್ಟ.

ಮನೆಯಲ್ಲಿ ಅವನ ಸಹಾಯಕ ಚಾಲಕಿ ನಮ್ಮ ಅತ್ತೆ. ಒಮ್ಮೆ ನನ್ನ ಕಣ್ಣೆದುರೇ ನಡೆದದ್ದು. ಮಾವ ಅಡುಗೆಮನೆ ಬಾಗಿಲಲ್ಲಿ ನಿಂತು ಕೈ ಚಾಚಿದ.

"ಹಾಲು ಉಕ್ಕಾಕತ್ತದ!"

"ಉಕ್ಕಾಕತ್ತದ!" ಎಂದಳು ಅತ್ತೆ ಪಡಸಾಲೆಯಿಂದ, ಮೆಂತ್ಯ ಸೊಪ್ಪು ಬಿಡಿಸುತ್ತ.

ಇಬ್ಬರೂ ನಿಯಮದ ಪ್ರಕಾರ ಕೂಗಿ ಕರ್ತವ್ಯ ಮುಗಿಸಿದರು. ಗ್ಯಾಸ್ ಆರಿಸುವುದು ನಿಯಮದಲ್ಲಿ ಇರಲಿಲ್ಲವಾದ್ದರಿಂದ ಹಾಲು ಪೂರ್ತಿ ಒಲೆಯ ಪಾಲಾಯಿತು. ಆಮೇಲೆ ಜಗಳವೂ ಹಾಲಿನ ಬಗ್ಗೆ ಆಗಲಿಲ್ಲ!

"ನೀ ನೋಡದ ಹ್ಯಾಂಗ ಹೇಳಿದಿ? ನೋಡಿ ಹೇಳಬೇಕು!"

"ನಲವತ್ತು ವರ್ಷ ಆಯ್ತು, ನೀವು ಹೇಳಿದ್ದು ಒಂದ ಸಲರೆ ಸುಳ್ಳಾಗ್ಯಾದೇನ್ರಿ? ಎದ್ದು ಬಂದು ನೋಡೂದ್ಯಾಕ?"

"ಕಾಣಲಾರದ್ದು ಹೇಳಿದ್ರ ಗಾಡಿ ಬೀಳ್ತದ," ಎಂದ ಮಾವ, ಭಾಳ ಗಂಭೀರವಾಗಿ.

ಅವನು ಮಾತ್ರ ಈ ವಿಷಯದಲ್ಲಿ ಒಂದೇ ಒಂದು ಸಲವೂ ತಪ್ಪಿದವನಲ್ಲ. ಅತ್ತೆ "ಮಳಿ ಬರಾಕತ್ತದ" ಎಂದರೆ, ತಗಡಿನ ಮೇಲೆ ಮಳೆ ಡಬಡಬ ಹೊಡೆಯುತ್ತಿದ್ದರೂ, ಎದ್ದು ಅಂಗಳಕ್ಕೆ ಹೋಗಿ, ಕಣ್ಣಾರೆ ನೋಡಿ, ಅಂಗಿ ತೋಯಿಸಿಕೊಂಡು ಬಂದು ಆಮೇಲೆಯೇ "ಮಳಿ ಬರಾಕತ್ತದ!" ಎನ್ನುತ್ತಿದ್ದ. ಆತಂಕ ಎಂಬುದು ನಮ್ಮ ವಂಶದ ಆಸ್ತಿ. ಅದರಲ್ಲಿ ಮಾವನಿಗೆ ಒಂದು ಪಾಲು ಬಂದಿತ್ತು. ಉಳಿದ ಮೂರು ಪಾಲು ನನಗೆ!

ಈ ಮಾವನನ್ನು ನನಗೆ ಹೆಣ್ಣು ನೋಡಲು ಚಿತ್ತಾಪುರಕ್ಕೆ ಕರೆದುಕೊಂಡು ಹೋಗಿದ್ದಳೆಂದರೆ ನಮ್ಮವ್ವನ ಧೈರ್ಯ ಎಂಥದ್ದಿರಬೇಕು! ಹುಡುಗಿ ಚಹದ ತಾಟು ಹಿಡಿದು ಬಂದಳು. ನಾನು ನಾಚಿಕೊಂಡು ನೆಲದ ಫರಸಿಕಲ್ಲು ಎಣಿಸುತ್ತಿದ್ದೆ. ಮಾವನ ಕೈ ಮೇಲೆದ್ದದ್ದು ಕಂಡು ಅವನ ಅಂಗಿ ಜಗ್ಗಿದೆ. ಅಷ್ಟರಲ್ಲಿ ಕೂಗಿಯೇಬಿಟ್ಟ.

"ಎದುರಿಗಿ ಹುಡುಗಿ! ಕಣ್ಣು ಕೆಂಪಗಾಗ್ಯಾವ! ಈಗ ಅತ್ತು ಬಂದಂಗದ!"

ಹುಡುಗಿ ತಾಟನ್ನು ಅಲ್ಲೇ ಇಟ್ಟು "ಹೌದ್ರಿ, ನನಗ ಈ ಲಗ್ನ ಬ್ಯಾಡ್ರಿ, ನಾ ಇನ್ನೂ ಓದಾಕಿ ಇದ್ದೀನಿ," ಎಂದು ಗಟ್ಟಿಯಾಗಿ ಹೇಳಿದಳು. ಅಷ್ಟು ದಿನ ಅವಳು ಮೆತ್ತಗೆ ಹೇಳಿದ್ದು ಅವರ ಮನೆಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲವಂತೆ. ನಾವು ಚಹ ಕುಡಿಯದೆ ವಾಪಸ್ಸು ಬಂದೆವು. ಆ ಹುಡುಗಿ ಈಗ ಶಹಾಬಾದಿನಲ್ಲಿ ನರ್ಸ್ ಆಗಿದ್ದಾಳೆ. ಎದುರು ಸಿಕ್ಕರೆ ನನ್ನನ್ನಲ್ಲ, ಮಾವನನ್ನು ವಿಚಾರಿಸುತ್ತಾಳೆ.

ಇರಲಿ. ಈಗ ನನ್ನ ಮಾನ ಹೋದ ಕಥೆಗೆ ಬರುತ್ತೇನೆ. ನಾನು ಸೇಡಮ್ಮಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ಕೆಲವು ವರ್ಷಗಳ ಹಿಂದೆ ಎಲ್ಲವೂ ಆನ್‌ಲೈನ್ ಆಗಬೇಕೆಂಬ ಗಾಳಿ ಬೀಸಿದಾಗ, ನನ್ನ ಪಾಠಗಳನ್ನೂ ವಿಡಿಯೋ ಮಾಡಿ ಜಾಲತಾಣಕ್ಕೆ ಏರಿಸಿದರು. ನನಗೋ ಭಾಳ ಹಿಗ್ಗು! ಸುತ್ತಲಿನ ಎಷ್ಟೋ ಊರಿನ ಮಕ್ಕಳು, ನಾನು ಮುಖವನ್ನೇ ನೋಡಿರದವರು, ಮನೆಯಲ್ಲಿ ಕುಳಿತು ನನ್ನ ಪಾಠ ಕೇಳುತ್ತಾರೆ. ನನಗೆ ಕಾಣುವುದು ಅವರ ನೋಂದಣಿ ಸಂಖ್ಯೆ ಮಾತ್ರ. ಫೇಲಾದವರಿಗೆ ನನ್ನ ಹೆಸರಿನಲ್ಲಿ ತಾನಾಗಿಯೇ ಒಂದು ಸಂದೇಶ ಹೋಗುತ್ತಿತ್ತು: "ಪಾಠದ ಚಿತ್ರಗಳನ್ನು ಗಮನವಿಟ್ಟು ನೋಡಿ, ಮತ್ತೆ ಪ್ರಯತ್ನಿಸಿ." ಆ ವಾಕ್ಯ ನಾನೇ ಬರೆದದ್ದು.

ಒಂದು ದಿನ ಫೋನಿಗೆ ಒಂದು ಧ್ವನಿಸಂದೇಶ ಬಂತು.

"ಸರ್, ನಾ ಕುರಕುಂಟಾದಿಂದ ನಸೀಮಾ ಮಾತಾಡಾಕತ್ತೀನಿ. ಹದಿನಾರನೇ ಪಾಠದಾಗ ನೀವು 'ಈ ಗೆರೆ ಇಲ್ಲಿಂದ ಹೀಗೆ ಬಂದು, ಆ ಗೆರೆ ಅಲ್ಲಿಂದ ಹಾಗೆ ಹೋಗಿ, ಇಲ್ಲಿ ಕೂಡುತ್ತವೆ' ಅಂತೀರಿ. ಇಲ್ಲಿ ಅಂದ್ರ ಎಲ್ಲಿ ಸರ್? ನನಗ ಹುಟ್ಟಿದಾಗಿಂದ ಕಣ್ಣು ಕಾಣಂಗಿಲ್ಲ. ಎರಡು ಸಲ ಇದೇ ಪೇಪರ್ ಹೋಗ್ಯಾದ. ಉಳಿದದ್ದೆಲ್ಲ ಪಾಸಾಗೀನಿ. ಇದು ಕೊನೀ ಸಲ ಅಂತ್ರಿ ಸರ್, ಈ ಸಲ ಹೋದ್ರ ಡಿಗ್ರಿನೇ ಇಲ್ಲ. ಬಿ.ಎಡ್. ಮಾಡಬೇಕಂತ ಆಸೆ ಅದ."

ಹುಟ್ಟು ಕುರುಡಿಯಾದ ಹುಡುಗಿಗೆ "ಗಮನವಿಟ್ಟು ನೋಡಿ" ಎಂದು ಎರಡು ಸಲ ಬರೆದವನು ನಾನು! ಕಣ್ಣು ಮುಚ್ಚಿಕೊಂಡು ನನ್ನ ಹದಿನಾರನೇ ಪಾಠವನ್ನು ನಾನೇ ಕೇಳಿದೆ. ಇದು, ಅದು, ಹೀಗೆ, ಹಾಗೆ, ಇಲ್ಲಿ, ಅಲ್ಲಿ. ಮುಕ್ಕಾಲು ಗಂಟೆಯಲ್ಲಿ ನನಗೇ ಏನೂ ತಿಳಿಯಲಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ನಸೀಮಾಳ ಫೋನಿನಲ್ಲಿತ್ತು, ನಿಜ. ಆದರೆ ನಮ್ಮ ಜಾಲತಾಣಕ್ಕೆ ಬಂದರೆ ಅದು "ಚಿತ್ರ. ಚಿತ್ರ. ಹೆಸರಿಲ್ಲದ ಬಟನ್. ಚಿತ್ರ," ಎಂದಷ್ಟೇ ಗೊಣಗುತ್ತಿತ್ತು. ಪರೀಕ್ಷೆಗೆ ಇಪ್ಪತ್ತೆರಡು ದಿನ ಉಳಿದಿತ್ತು.

ಪ್ರಾಂಶುಪಾಲರ ಬಳಿಗೆ ಓಡಿದೆ. ಅವರು ಒಳ್ಳೆಯ ಮನುಷ್ಯರು, ಕೂಡಲೇ ಸಭೆ ಕರೆದರು.

"ಅದಕ್ಯಾಕ ಇಷ್ಟು ಪರೇಶಾನ್ ಆಗ್ತೀರಿ? ಅಕ್ಷರ ದೊಡ್ಡದು ಮಾಡ್ರಿ."

"ಸರ್, ಆಕಿಗಿ ಕಾಣಂಗೇ ಇಲ್ರಿ."

"ಹಂಗಾರ ಇನ್ನಾ ದೊಡ್ಡದು ಮಾಡ್ರಿ!"

ಸಭೆ ಮುಗಿಯಿತು. ಚಹ ಚೆನ್ನಾಗಿತ್ತು.

ಆ ಭಾನುವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ವಾಡಿಗೆ ಹೋದೆ. ಅತ್ತೆ ಬಡಿಸಿದ ರೊಟ್ಟಿಯನ್ನು ಚೂರು ಮಾಡುತ್ತ, ತಿನ್ನದೆ, ನನ್ನ ಸಂಕಟ ಹೇಳಿಕೊಳ್ಳುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಹದಿನಾರನೇ ಪಾಠದ ಚಿತ್ರ ತೆರೆದೇ ಇತ್ತು. ಮಾವ ಹಿಂದೆ ಬಂದು ನಿಂತ. ಕೈ ಚಾಚಿದ.

"ಎಡಕ್ಕ ಒಂದು ನಿಂತ ಗೆರಿ! ತುದಿಗಿ 'ಬೆಲೆ' ಅಂತ ಬರದಾರ! ತೆಳಗ ಒಂದು ಮಲಗಿದ ಗೆರಿ! ತುದಿಗಿ 'ಪ್ರಮಾಣ' ಅಂತದ! ನಡಬರಕ ಒಂದು ನೀಲಿ ಗೆರಿ, ಎಡಕ್ಕ ಮ್ಯಾಲಿಂದ ಬಲಕ್ಕ ತೆಳಗ ಇಳೀತದ!"

ನನ್ನ ಕೈಯಲ್ಲಿದ್ದ ರೊಟ್ಟಿ ಚೂರು ಬಾಯಿಗೆ ಬರುವುದನ್ನು ಮರೆಯಿತು. ಹದಿನೈದು ವರ್ಷ ಪಾಠ ಮಾಡಿದ ನನಗೆ ಬಾರದ ಮಾತು! ಎಲ್ಲಿ, ಯಾವುದು, ಎತ್ತ ಕಡೆ ಎಂಬುದನ್ನು ಈ ಮನುಷ್ಯ ಅರ್ಥಶಾಸ್ತ್ರದ ಗಂಧವಿಲ್ಲದೆ, ಉಗುಳು ನುಂಗುವಷ್ಟು ಹೊತ್ತಿನಲ್ಲಿ ಹೇಳಿಬಿಟ್ಟಿದ್ದ.

"ಮಾವ, ಇನ್ನೊಮ್ಮೆ ಹೇಳು! ತಡಿ, ರೆಕಾರ್ಡ್ ಮಾಡ್ತೀನಿ."

"ಮೊದಲ ನೀ ಹೊಳ್ಳಿ ಹೇಳು. ನೋಡಿ ಹೇಳು."

ನೋಡಿ ಹೇಳಿದೆ. ಆಗಲೇ ಅವನು ಮುಂದಕ್ಕೆ ಹೋಗಿದ್ದು. ಅಲ್ಲಿಂದ ಮುಂದೆ ಅವನ ದನಿ ಬದಲಾಯಿತು. "ಒಂದು ಕೆಂಪು ಗೆರಿ, ಎಡಕ್ಕ ತೆಳಗಿಂದ ಬಲಕ್ಕ ಮ್ಯಾಲ ಏರ್ತದ… ಏ! ಎರಡೂ ಒಂದೇ ಪಾಯಿಂಟಿಗಿ ಬರಾಕತ್ತಾವ! ಯಾರಪ್ಪ ಸಿಗ್ನಲ್ ಕೊಟ್ಟವ? ಡಿಕ್ಕಿ ಆಗ್ತದಲ್ಲೋ!"

"ಆಗಂಗಿಲ್ಲ ಮಾವ. ಅದಕ್ಕ ಸಮತೋಲನ ಅಂತಾರ."

"ಏನರೆ ಅನ್ಲಿ. ಎದುರುಬದುರು ಎರಡು ಗಾಡಿ ಬಂದಾವ." ಅವನ ಹಣೆಯಲ್ಲಿ ನಿಜವಾಗಿಯೂ ಬೆವರು ಮೂಡಿತ್ತು. ನಾನು ಇಡೀ ಬೇಡಿಕೆ ಪೂರೈಕೆಯ ಸಿದ್ಧಾಂತ ವಿವರಿಸಿದೆ. ಸಂಜೆಯ ಹೊತ್ತಿಗೆ ಯಾರೂ ಸಾಯುವುದಿಲ್ಲವೆಂದು ಅವನಿಗೆ ಖಾತ್ರಿಯಾಯಿತು.

ಮುಂದಿನ ದಿನಗಳಲ್ಲಿ ಕಾಲೇಜು ಮುಗಿಸಿ ಚಿತ್ರದ ಕಟ್ಟು ಹಿಡಿದು ವಾಡಿಗೆ ಹೋಗುವುದೇ ನನ್ನ ಕೆಲಸವಾಯಿತು. ಮಾವ ಕೂಗುತ್ತಿದ್ದ, ನಾನು ರೆಕಾರ್ಡ್ ಮಾಡುತ್ತಿದ್ದೆ. ಒಂದೇ ತೊಂದರೆ. ಪ್ರತಿ ಕೂಗಿನ ನಂತರ ಅವನು ನಿಲ್ಲುತ್ತಿದ್ದ, ಎದುರಿನವರು ತಿರುಗಿ ಹೇಳಲಿ ಎಂದು. ಹೇಳದೆ ಹೋದರೆ ಮುಂದಕ್ಕೆ ಹೋಗುವವನೇ ಅಲ್ಲ. ಹೀಗಾಗಿ ಹತ್ತು ನಿಮಿಷದ ವಿವರಣೆ ಅರ್ಧ ಗಂಟೆಯಾಗುತ್ತಿತ್ತು. ನಾನು ಜಾಣ ನೋಡಿ! ಮನೆಯಲ್ಲಿ ಕುಳಿತು ಆ ಮೌನಗಳನ್ನೆಲ್ಲ ಕತ್ತರಿಸಿ ತೆಗೆದು, ಚೊಕ್ಕ ಮಾಡಿ, ನಸೀಮಾಳಿಗೆ ಕಳಿಸಿದೆ. ಕೆಲವೊಂದನ್ನು ಮಾತ್ರ ಅವಸರಕ್ಕೆ ಕತ್ತರಿಸದೆ ಹಾಗೆಯೇ ಕಳಿಸಿದ್ದೆ.

ಮರುದಿನ ಅವಳ ಫೋನು. ಮೆಚ್ಚುಗೆ ಇರಬಹುದೆಂದು ಎದೆಯುಬ್ಬಿಸಿಕೊಂಡು ಎತ್ತಿದೆ.

"ಸರ್, ಮಾಮು ಕೆಲವು ಪಾಠದಾಗ ನಿಲ್ತಾರ, ಕೆಲವು ಪಾಠದಾಗ ಓಡ್ತಾರ. ಓಡೂದು ಬ್ಯಾಡ್ರಿ. ನಿಲ್ಲೂದೇ ಬೇಕ್ರಿ."

"ಸುಮ್ಕ ಖಾಲಿ ಇರ್ತದಲ್ಲವ್ವ, ಏನು ಮಾಡ್ತಿ ಆವಾಗ?"

ಅವಳು ಹೇಳಿದಳು. ತಾಟಿನಲ್ಲಿ ಜೋಳದ ಹಿಟ್ಟು ಹರಡಿಕೊಂಡು ಕೂಡುತ್ತಾಳಂತೆ. ಮಾವ ಒಂದು ಗೆರೆ ಕೂಗಿ ನಿಂತಾಗ ಬೆರಳಿನಿಂದ ಆ ಗೆರೆಯನ್ನು ಹಿಟ್ಟಿನಲ್ಲಿ ಎಳೆದು, ಅದರ ಮೇಲೆ ಮತ್ತೊಮ್ಮೆ ಬೆರಳಾಡಿಸಿ, ಸರಿಯಿದ್ದರೆ ಗಟ್ಟಿಯಾಗಿ ತಿರುಗಿ ಹೇಳುತ್ತಾಳಂತೆ. ಹೊಲಿಗೆ ಯಂತ್ರ ತುಳಿಯುತ್ತಿರುವ ಅವಳ ಅಪ್ಪ, ಮಗಳು ಯಾರಿಗೆ ಉತ್ತರ ಕೊಡುತ್ತಿದ್ದಾಳೆಂದು ಮೊದಲು ಗಾಬರಿಯಾಗಿದ್ದರಂತೆ.

"ಉಳಿದ ಪಾಠ ಯಾವೂ ನನ್ನ ಸಲುವಾಗಿ ನಿಲ್ಲಂಗಿಲ್ರಿ ಸರ್. ಮಾಮು ನಿಲ್ತಾರ. ಮನ್ಯಾಗ ಬಾಜೂಕ ಕುಂತಂಗ ಆಗ್ತದ."

ನಾನು ಕಸವೆಂದು ಕತ್ತರಿಸಿ ಎಸೆದದ್ದೇ ಅವಳಿಗೆ ಪಾಠವಾಗಿತ್ತು! ಎಲ್ಲ ಮೌನಗಳನ್ನೂ ಹುಡುಕಿ ತಂದು ಮತ್ತೆ ಸೇರಿಸಿದೆ. ಮಾವನಿಗೆ ಈ ಸಂಗತಿ ಹೇಳಿದಾಗ ಅವನು ಗಾಳಿಯಲ್ಲಿ ತಾನೂ ಒಂದು ಗೆರೆ ಎಳೆದು ನೋಡಿ, "ಬೆರಳಿಲೆ ನೋಡ್ತಾಳ. ನೋಡಿ ಹೇಳಿದಂಗೇ ಆಯ್ತು. ರೂಲ್ ಪ್ರಕಾರ ಅದ," ಎಂದು ತೀರ್ಪು ಕೊಟ್ಟ.

ಪರೀಕ್ಷೆಯ ಚಿಂತೆ ಅದಕ್ಕಿಂತ ದೊಡ್ಡದು. ಪರೀಕ್ಷೆ ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ. ಪ್ರಶ್ನೆಗಳಲ್ಲೂ ಚಿತ್ರ. ಓದಿ ಹೇಳಲು ಒಬ್ಬ ಸಹಾಯಕರನ್ನು ಇಟ್ಟುಕೊಳ್ಳಬಹುದು, ಹೆಚ್ಚು ಸಮಯವೂ ಉಂಟು. ಆದರೆ ಆ ಸಹಾಯಕರಿಗೆ ವಿಷಯ ಗೊತ್ತಿರಬಾರದು. ಮಾವನನ್ನು ಸಹಾಯಕನಾಗಿ ಬಿಡಿ, ಶುರುವಿನಲ್ಲಿ ಬರುವ ಚಿತ್ರದ ಒಗಟು ತೆಗೆಯಿರಿ ಎಂದು ನಾನು ಮೂರು ಅರ್ಜಿ ಬರೆದೆ. ಮೊದಲ ಎರಡಕ್ಕೆ "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಎಂಬ ಉತ್ತರ ಬಂತು. ಏನನ್ನು ಪರಿಹರಿಸಿದರೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಮೂರನೆಯದರಲ್ಲಿ ಮಾವನ ಮಟ್ಟಿಗಷ್ಟೇ ಒಪ್ಪಿಗೆ ಸಿಕ್ಕಿತು. ಪ್ರಾಂಶುಪಾಲರು ಮಾವನನ್ನು ಎದುರು ಕೂರಿಸಿಕೊಂಡು ಪರೀಕ್ಷಿಸಿದರು.

"ಅರ್ಥಶಾಸ್ತ್ರ ಎಷ್ಟು ಗೊತ್ತದ ನಿಮಗ?"

"ಎರಡು ಗಾಡಿ ಎದುರುಬದುರು ಬರ್ತಾವ, ಡಿಕ್ಕಿ ಆಗಂಗಿಲ್ಲ. ಅಷ್ಟೇ ಗೊತ್ತದ್ರಿ."

"ನಡೀತದ," ಎಂದು ಪ್ರಾಂಶುಪಾಲರು ನೆಮ್ಮದಿಯಿಂದ ಸಹಿ ಹಾಕಿದರು.

ಪರೀಕ್ಷೆಯ ದಿನ ಮಾವ ನಾಲ್ಕು ತಾಸು ಮೊದಲೇ ಸೇಡಮ್ಮಿಗೆ ಬಂದಿಳಿದಿದ್ದ. ನಸೀಮಾ ಕುರಕುಂಟಾದಿಂದ ಕೋಲು ಹಿಡಿದು ಒಬ್ಬಳೇ ಬಂದಳು, ಬಗಲಲ್ಲಿ ಸ್ಟೀಲಿನ ತಾಟು, ಡಬ್ಬಿಯಲ್ಲಿ ಜೋಳದ ಹಿಟ್ಟು. ಮೇಲ್ವಿಚಾರಕರು ಬಿಡುತ್ತಾರೆಯೇ? ಹಿಟ್ಟಿನಲ್ಲಿ ಚೀಟಿ ಅಡಗಿಸಿದ್ದಾಳೆಂಬ ಗುಮಾನಿ! ಹಾಸ್ಟೆಲಿನಿಂದ ಜರಡಿ ತರಿಸಿ, ಪರೀಕ್ಷಾ ಕೋಣೆಯ ಬಾಗಿಲಲ್ಲಿ ಹಿಟ್ಟು ಸಾಣಿಸಿದರು. ಚೀಟಿ ಸಿಗಲಿಲ್ಲ. ಅವರ ಕರಿ ಪ್ಯಾಂಟು ಬೆಳ್ಳಗಾಯಿತು.

ವಿಷಯದ ಮಾಸ್ತರು ಒಳಗೆ ಇರುವಂತಿಲ್ಲ. ನಾನು ಹೊರಗೆ ಕಿಟಕಿಯ ಪಕ್ಕ ನಿಂತು ಉಗುರು ಕಡಿಯತೊಡಗಿದೆ. ಕಂಪ್ಯೂಟರ್ ತೆರೆದ ಕೂಡಲೇ ಅಡ್ಡ ಬಂತು ನೋಡಿ ಶನಿ! "ನೀವು ಮನುಷ್ಯರೆಂದು ಸಾಬೀತುಪಡಿಸಿ. ಸಿಗ್ನಲ್ ಇರುವ ಚೌಕಗಳನ್ನು ಆರಿಸಿ." ಇದನ್ನು ತೆಗೆಯಿರೆಂದೇ ನಾನು ಅಷ್ಟು ಸಲ ಬರೆದಿದ್ದೆ. ಆದರೂ ಒಂದು ಕ್ಷಣ ಖುಷಿಯಾಯಿತು. ಸಿಗ್ನಲ್ ಅಲ್ಲವೇ? ಜಗತ್ತಿನಲ್ಲಿ ಈ ಪ್ರಶ್ನೆಗೆ ನಮ್ಮ ಮಾವನಿಗಿಂತ ಯೋಗ್ಯರು ಯಾರು?

ಯಂತ್ರ ಅವನನ್ನು ತಿರಸ್ಕರಿಸಿತು. ಎರಡನೆಯ ಸಲವೂ ತಿರಸ್ಕರಿಸಿತು. ಮಾವ ದೀಪದ ಜೊತೆ ಕಂಬವಿರುವ ಚೌಕಗಳನ್ನೂ ಆರಿಸುತ್ತಿದ್ದ.

"ಕಂಬ ಇಲ್ಲದ ಸಿಗ್ನಲ್ ಎಲ್ಲರೆ ನಿಲ್ತದೇನ್ರಿ?" ಎಂದು ಮೇಲ್ವಿಚಾರಕರ ಜೊತೆ ವಾದಕ್ಕೆ ನಿಂತ. "ಕಂಬಕ್ಕ ನಂಬರ್ ಇರ್ತದ. ಅದು ಸಿಗ್ನಲಿನ ಭಾಗ!"

ಗಡಿಯಾರ ಓಡುತ್ತಿತ್ತು. ಮೂರನೇ ಸಲ ತಪ್ಪಿದರೆ ಬಾಗಿಲು ಬಂದ್. ಒಬ್ಬ ಮನುಷ್ಯನ ಹಟಕ್ಕೆ ಒಂದು ಹುಡುಗಿಯ ಡಿಗ್ರಿ ಹೋಗುತ್ತಿದೆ, ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೇನೆ!

ನಸೀಮಾ ಮೆತ್ತಗೆ ಹೇಳಿದಳು. "ಮಾಮು, ನೀವು ಹೇಳೂದು ಖರೇ ಅದ. ಆದ್ರ ಈ ಮಷೀನಿಗಿ ಅಷ್ಟು ತಿಳಿಯಂಗಿಲ್ಲ. ದೀಪ ಅಷ್ಟೇ ಒತ್ರಿ. ಕಂಬ ಬಿಡ್ರಿ."

ಮಾವ ಕಂಬ ಬಿಟ್ಟ. ಅವನು ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲು ತೆರೆಯಿತು.

ಆಮೇಲಿನ ಎರಡೂವರೆ ತಾಸು ಆ ಕೋಣೆಯಿಂದ ಕೇಳಿಬಂದದ್ದು ಎರಡೇ ದನಿ. ಮಾವ ಕೂಗುತ್ತಿದ್ದ, ನಿಲ್ಲುತ್ತಿದ್ದ. ಹಿಟ್ಟಿನ ಮೇಲೆ ಬೆರಳು ಓಡುತ್ತಿತ್ತು. ನಸೀಮಾ ತಿರುಗಿ ಹೇಳುತ್ತಿದ್ದಳು. ಆಮೇಲೆ ಉತ್ತರ ಹೇಳುತ್ತಿದ್ದಳು. ಮೇಲ್ವಿಚಾರಕರು ಕೂಡ ಸ್ವಲ್ಪ ಹೊತ್ತಿನ ಮೇಲೆ ತಾಟಿನ ಬಳಿ ಬಂದು ಬಗ್ಗಿ ನೋಡುತ್ತ ನಿಂತುಬಿಟ್ಟರು. ಕೊನೆಯ ಬಟನ್ ಒತ್ತಿದ ಮೇಲೆ ಪರದೆಯ ಮೇಲೆ ಒಂದು ಬಣ್ಣದ ಪಟ್ಟಿ ಬಂತಂತೆ. ಅಕ್ಷರವಿಲ್ಲ, ದನಿಯಿಲ್ಲ, ಬರೀ ಬಣ್ಣ. ಫಲಿತಾಂಶವನ್ನು ಹೇಳಲು ಯಾವ ಪುಣ್ಯಾತ್ಮನಿಗೆ ಹೊಳೆದ ಉಪಾಯವೋ! ಆ ಕಂಪ್ಯೂಟರಿಗೆ ಹಾಕಿದ್ದ ಓದುವ ತಂತ್ರಾಂಶವೂ "ಚಿತ್ರ" ಎಂದು ಹೇಳಿ ಸುಮ್ಮನಾಯಿತು.

"ಹಸಿರು!" ಎಂದ ಮಾವ.

ನಸೀಮಾಳ ಬೆರಳು ಹಿಟ್ಟಿನ ಮೇಲೆ ಹುಡುಕಾಡಿತು.

"ಹಸಿರವ್ವಾ! ಹೊಳ್ಳಿ ಹೇಳು!"

"ಹಸಿರಂದ್ರ ಏನ್ರಿ ಮಾಮು?"

ಜೀವಮಾನವೆಲ್ಲ ಹಸಿರು ನೋಡಿದವನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಹಸಿರಂದ್ರ… ಮುಂದ ಲೈನ್ ಖಾಲಿ ಅದ ಅಂತ. ಹೋಗಬೌದು ಅಂತ."

"ಅಂದ್ರ ಪಾಸಾ?"

"ಪಾಸೇ ಮತ್ತ!"

ನಸೀಮಾ ಹಿಟ್ಟು ಮೆತ್ತಿದ ಕೈಯಿಂದ ಮುಖ ಮುಚ್ಚಿಕೊಂಡಳು. ನಾನು ಹೊರಗಡೆ ಅತ್ತೆನೆಂದು ಬರೆಯಲು ನಾಚಿಕೆಯೇನಿಲ್ಲ.

ಸಂಜೆ ಮೂವರೂ ಸೇಡಂ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು. ಕುರಕುಂಟಾ ಕಡೆಗೆ ಹೋಗುವ ಗಾಡಿ ಮೊದಲು, ಮಾವನ ವಾಡಿ ಗಾಡಿ ಆಮೇಲೆ. ನಸೀಮಾಳ ಹುಬ್ಬಿಗೆ ಇನ್ನೂ ಹಿಟ್ಟು ಅಂಟಿತ್ತು. ಮಾವ ಎಂದಿನಂತೆ ಕಂಡದ್ದನ್ನೆಲ್ಲ ಕೂಗುತ್ತಿದ್ದ: ಮಲಗಿದ ನಾಯಿ, ಮುರಿದ ನಲ್ಲಿ, ನನ್ನ ಅಂಗಿಯ ಹರಿದ ಗುಂಡಿ. ಅವಳು ಒಂದೊಂದನ್ನೂ ನಗುತ್ತ ತಿರುಗಿ ಹೇಳುತ್ತಿದ್ದಳು.

ಇದ್ದಕ್ಕಿದ್ದಂತೆ ಅವಳು ಕಲ್ಲುಬೆಂಚಿಗೆ ಅಂಗೈ ಒತ್ತಿ ಹಿಡಿದು, ಆಮೇಲೆ ಎದ್ದು ನಿಂತಳು. ತನ್ನ ಗಾಡಿ ಬರಬೇಕಾದ ಚಿತ್ತಾಪುರದ ಕಡೆ ಮುಖ ಮಾಡಿ, ಬಲಗೈಯನ್ನು ನೇರ ಚಾಚಿದಳು.

"ಗಾಡಿ ಬರಾಕತ್ತದ!"

ಕೂಗಿ ನಿಂತಳು. ನಿಯಮ ಅವಳಿಗೂ ಬಂದುಬಿಟ್ಟಿತ್ತು. ಮಾವ ಎದ್ದು ಹುಬ್ಬಿನ ಮೇಲೆ ಕೈಯಿಟ್ಟು ನೋಡಿದ. ನಾನೂ ನೋಡಿದೆ. ದೂರದ ತಿರುವಿನವರೆಗೂ ಹಳಿ ಖಾಲಿ. ದನಿಯೂ ಇಲ್ಲ, ಹೊಗೆ ಧೂಳೂ ಇಲ್ಲ. ಅವಳ ಕೈ ಮಾತ್ರ ಚಾಚಿಯೇ ಇತ್ತು, ಉತ್ತರಕ್ಕೆ ಕಾಯುತ್ತಿದ್ದಳು. ನನಗೆ ಹೆದರಿಕೆಯಾಯಿತು. ಈ ಮನುಷ್ಯ ಈಗ "ನೋಡಿ ಹೇಳಬೇಕವ್ವ" ಎಂದುಬಿಟ್ಟರೆ? ಅತ್ತೆಯ ಮಾತಿಗೂ ಮಳೆಯಲ್ಲಿ ತೋಯ್ದು ಬಂದು ಉತ್ತರ ಕೊಟ್ಟವನು!

ಮಾವ ಖಾಲಿ ಹಳಿಯನ್ನು ಇನ್ನೊಮ್ಮೆ ನೋಡಿದ. ಅವಳ ಕೈಯನ್ನು ನೋಡಿದ. ಆಮೇಲೆ ತನ್ನ ಕೈಯನ್ನೂ ಅವಳ ಕೈಯ ಪಕ್ಕಕ್ಕೆ ನೇರ ಚಾಚಿ, ಇಡೀ ಸ್ಟೇಷನ್ ತಿರುಗಿ ನೋಡುವಂತೆ ಕೂಗಿದ.

"ಗಾಡಿ ಬರಾಕತ್ತದ!"

ನನಗಿನ್ನೂ ಏನೂ ಕಂಡಿರಲಿಲ್ಲ. ನಾನೂ ಎದ್ದು, ಕೈ ಚಾಚಿ, ಅದನ್ನೇ ಕೂಗಿದೆ.